ಕೋಟೆಯ ವೇಷದ ಇಟ್ಟಿಗೆ ಮನೆ

ಇಂಗ್ಲೆಂಡಿನ ಪೂರ್ವದಂಚಿನ ನಾರ್ಫೋಕ್ ಸೀಮೆಯಲ್ಲಿ, ಸ್ವಾಫ್‌ಹ್ಯಾಮ್ ಪಟ್ಟಣದ ನೈಋತ್ಯಕ್ಕೆ ಆಕ್ಸ್‌ಬರೊ ಎಂಬ ಚಿಕ್ಕ ಹಳ್ಳಿಯಿದೆ. ಹಳ್ಳಿಯ ಮಗ್ಗುಲಲ್ಲೇ ನೀರು ತುಂಬಿದ ಚೌಕಾಕಾರದ ಕಂದಕ, ಅದರ ನಡುವೆ ಕೆಂಪು ಇಟ್ಟಿಗೆಯ ದೊಡ್ಡ ಮನೆ. ಇದರ ಹೆಸರು ಆಕ್ಸ್‌ಬರ್ಗ್ ಹಾಲ್. 1482ರ ಆಸುಪಾಸಿನಲ್ಲಿ ಸರ್ ಎಡ್ಮಂಡ್ ಬೆಡಿಂಗ್‌ಫೀಲ್ಡ್ ಎಂಬ ಜಮೀನುದಾರ ಕಟ್ಟಿಸಿದ ಈ ಮನೆಯ ಒಂದು ಭಾಗದಲ್ಲಿ ಅವನ ವಂಶದವರು ಐನೂರು ವರ್ಷ ದಾಟಿದ ಮೇಲೂ ವಾಸವಾಗಿದ್ದಾರೆ. ಬುರುಜು, ತೆನೆ, ಗೋಡೆಯ ಸೀಳುಗಿಂಡಿ, ಕಂದಕಕ್ಕೆ ಅಡ್ಡಲಾಗಿ ಸೇತುವೆ. ದೂರದಿಂದ ನೋಡಿದವರಿಗೆ ಇದು ಕೋಟೆಯೇ ಸರಿ. ಹತ್ತಿರ ಬಂದಂತೆ ಆ ನಂಬಿಕೆ ಸಡಿಲವಾಗುತ್ತದೆ. ಶತ್ರು ಬರಬಹುದಾದ ದಿಕ್ಕಿಗೇ ಮುಖಮಾಡಿ ಅಗಲವಾದ ಕಿಟಕಿಗಳಿವೆ. ಬುರುಜುಗಳ ಮೈತುಂಬ ಕುಸುರಿ ಕೆಲಸವಿದೆ. ಕಾದಾಟಕ್ಕಿಂತ ಹೆಚ್ಚಾಗಿ ಘನತೆಗೆಂದು ತೊಟ್ಟ ವೇಷ ಇದು. ಆ ವೇಷವನ್ನು ಹೊಲಿದದ್ದು ಸುಟ್ಟ ಮಣ್ಣಿನಿಂದ ಎಂಬುದೇ ಈ ಮನೆಯ ಹೆಚ್ಚುಗಾರಿಕೆ.

ಆಕ್ಸ್‌ಬರೊ ಜಮೀನು ಬೆಡಿಂಗ್‌ಫೀಲ್ಡರ ಕೈಗೆ ಬಂದದ್ದು ಹೆಣ್ಣಿನ ಕಡೆಯಿಂದ. ಹಿಂದಿನ ಒಡೆಯ ಸರ್ ಥಾಮಸ್ ಟಡೆನ್‌ಹ್ಯಾಮ್‌ನನ್ನು ರಾಜದ್ರೋಹದ ಆರೋಪದ ಮೇಲೆ 1462ರಲ್ಲಿ ಶಿರಚ್ಛೇದ ಮಾಡಲಾಯಿತು. ಆಗ ಆಸ್ತಿ ಅವನ ಸಹೋದರಿ ಮಾರ್ಗರೆಟ್‌ಗೆ ಸೇರಿತು. ಅವಳು ಬೆಡಿಂಗ್‌ಫೀಲ್ಡ್ ಮನೆತನದ ಸೊಸೆ. ಎಡ್ಮಂಡ್ ಅವಳ ಮೊಮ್ಮಗ. ಅದು ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಮನೆತನಗಳು ಸಿಂಹಾಸನಕ್ಕಾಗಿ ಹೊಡೆದಾಡುತ್ತಿದ್ದ ಕಾಲ. ಯಾರ ಕಡೆ ನಿಂತರೆ ತಲೆ ಉಳಿಯುತ್ತದೆ, ಯಾವಾಗ ಕಡೆ ಬದಲಿಸಬೇಕು ಎಂಬ ಲೆಕ್ಕ ಗೊತ್ತಿದ್ದವರೇ ಉಳಿದುಕೊಂಡರು. ಎಡ್ಮಂಡ್‌ಗೆ ಆ ಲೆಕ್ಕ ಚೆನ್ನಾಗಿಯೇ ಗೊತ್ತಿತ್ತು. ಯಾರ್ಕ್ ವಂಶದ ದೊರೆ ನಾಲ್ಕನೇ ಎಡ್ವರ್ಡನಿಂದ 1482ರಲ್ಲಿ ಅವನು ಮನೆಗೆ ಬುರುಜು, ತೆನೆ ಕಟ್ಟಿಕೊಳ್ಳಲು ಪರವಾನಗಿ ಪಡೆದ. ಅದೇ ವಂಶವನ್ನು ಸೋಲಿಸಿ ಪಟ್ಟವೇರಿದ ಏಳನೇ ಹೆನ್ರಿಯ ಪರವಾಗಿ ಮುಂದೆ ಐದೇ ವರ್ಷಕ್ಕೆ ರಣರಂಗಕ್ಕೂ ಇಳಿದ.

ಮನೆಗೆ ತೆನೆ ಕಟ್ಟಿಕೊಳ್ಳಲು ರಾಜನ ಅಪ್ಪಣೆ ಬೇಕೆಂಬುದು ಇಂದು ವಿಚಿತ್ರವಾಗಿ ಕಾಣಬಹುದು. ತೆನೆಗೋಡೆ ಎಂದರೆ ಕೋಟೆಯ ಗುರುತು, ಕೋಟೆ ಎಂದರೆ ಅಧಿಕಾರದ ಗುರುತು. ಬೇಕೆಂದವರೆಲ್ಲ ಕೋಟೆ ಕಟ್ಟಿಕೊಳ್ಳುವುದನ್ನು ಯಾವ ದೊರೆಯೂ ಸಹಿಸಲಾರ. ಆದರೆ 15ನೇ ಶತಮಾನದ ಹೊತ್ತಿಗೆ ಈ ಪರವಾನಗಿ ಬಹುಪಾಲು ಮರ್ಯಾದೆಯ ಪತ್ರವಾಗಿತ್ತು. ಅದು ಕೈಲಿದ್ದರೆ ಇಂಥವನು ದೊರೆಗೆ ಬೇಕಾದವನು ಎಂದು ಅಕ್ಕಪಕ್ಕದ ಜಮೀನುದಾರರಿಗೆ ತಿಳಿಯುತ್ತಿತ್ತು. ಆಕ್ಸ್‌ಬರ್ಗ್‌ನ ಹೆಬ್ಬಾಗಿಲು ಆ ಪತ್ರವನ್ನೇ ಇಟ್ಟಿಗೆಯಲ್ಲಿ ಬರೆಸಿ ಎತ್ತಿ ನಿಲ್ಲಿಸಿದ್ದು.

ಇಟ್ಟಿಗೆಯೇ ಏಕೆ? ನಾರ್ಫೋಕ್ ಮತ್ತು ಅದರ ನೆರೆಯ ಸೀಮೆಗಳನ್ನೊಳಗೊಂಡ ಈಸ್ಟ್ ಆಂಗ್ಲಿಯಾದಲ್ಲಿ ಕಟ್ಟಡಕ್ಕೆ ಒದಗುವ ಒಳ್ಳೆಯ ಕಲ್ಲು ಇಲ್ಲವೆಂದೇ ಹೇಳಬೇಕು. ಹೊಲದಲ್ಲಿ ಸಿಗುವುದು ಚಕಮಕಿ ಕಲ್ಲಿನ ಉಂಡೆಗಳು. ಅವುಗಳಿಂದ ಗೋಡೆ ಎಬ್ಬಿಸಬಹುದು, ಆದರೆ ನೇರವಾದ ಮೂಲೆ ಬಾರದು, ಕಿಟಕಿಯ ಚೌಕಟ್ಟು ಕೂರದು. ಕೆತ್ತನೆಗೆ ಬರುವ ಸುಣ್ಣಗಲ್ಲನ್ನು ಬೇರೆ ಸೀಮೆಗಳಿಂದ ದೋಣಿಯ ಮೇಲೆ ತರಿಸಬೇಕು. ಕಲ್ಲಿನ ಬೆಲೆಗಿಂತ ಸಾಗಣೆಯ ಖರ್ಚೇ ಜಾಸ್ತಿ. ಜೇಡಿಮಣ್ಣಿಗೆ ಮಾತ್ರ ಬರವಿರಲಿಲ್ಲ.

ಮಣ್ಣಿದ್ದರೂ ಅದನ್ನು ಸುಡುವ ವಿದ್ಯೆ ನಾಡಿನಲ್ಲಿ ಬಹುಕಾಲ ಮರೆತುಹೋಗಿತ್ತು. ರೋಮನ್ನರು 5ನೇ ಶತಮಾನದ ಆರಂಭದಲ್ಲಿ ಬ್ರಿಟನ್ ಬಿಟ್ಟುಹೋದ ಮೇಲೆ ಇಟ್ಟಿಗೆ ತಯಾರಿಕೆ ನಿಂತೇಹೋಯಿತು. ಮುಂದಿನ ಹಲವು ಶತಮಾನ ಜನ ಪಾಳುಬಿದ್ದ ರೋಮನ್ ಕಟ್ಟಡಗಳಿಂದ ಇಟ್ಟಿಗೆ ಕಿತ್ತು ತಂದು ಚರ್ಚುಗಳಿಗೆ ಬಳಸಿದರು. ಎಸೆಕ್ಸ್‌ನ ಕಾಗ್ಗೆಶಾಲ್ ಮಠದಲ್ಲಿ 1200ರ ಹೊತ್ತಿಗೆ ಹೊಸದಾಗಿ ಸುಟ್ಟ ಇಟ್ಟಿಗೆ ಕಾಣಿಸಿಕೊಂಡಿತು. ಸಫೋಕ್‌ನ ಲಿಟ್ಲ್ ವೆನ್‌ಹ್ಯಾಮ್ ಹಾಲ್ 13ನೇ ಶತಮಾನದ ಕೊನೆಯ ಭಾಗದ್ದು. ಇಂದಿಗೂ ನಿಂತಿರುವ ಇಂಗ್ಲೆಂಡಿನ ಇಟ್ಟಿಗೆ ಮನೆಗಳಲ್ಲಿ ಅತಿ ಹಳೆಯವುಗಳ ಸಾಲಿಗೆ ಸೇರಿದ್ದು. ಸಮುದ್ರದಾಚೆಯ ಫ್ಲಾಂಡರ್ಸ್‌ನಲ್ಲೂ ಕಲ್ಲಿನ ಬರವೇ. ಅಲ್ಲಿನವರು ಇಟ್ಟಿಗೆಯಲ್ಲೇ ಊರುಗಳನ್ನು ಕಟ್ಟಿದ್ದರು. ಉಣ್ಣೆ ಹೊತ್ತು ಹೋದ ಹಡಗುಗಳ ಹಾದಿಯಲ್ಲೇ ಆ ಇಟ್ಟಿಗೆಯೂ, ಅದನ್ನು ಮಾಡಬಲ್ಲ ಕುಶಲಿಗಳೂ ಇಂಗ್ಲೆಂಡಿನ ಪೂರ್ವ ಕರಾವಳಿಗೆ ಬಂದರು. 1430 ಮತ್ತು 40ರ ದಶಕಗಳಲ್ಲಿ ಇಟ್ಟಿಗೆ ಶ್ರೀಮಂತರ ಮೋಹವಾಯಿತು. ನಾರ್ಫೋಕ್‌ನ ಕೈಸ್ಟರ್ ಕೋಟೆ, ಲಿಂಕನ್‌ಷೈರ್‌ನ ಟ್ಯಾಟರ್‌ಶಾಲ್ ಗೋಪುರ, ಸಸೆಕ್ಸ್‌ನ ಹರ್ಸ್ಟ್‌ಮೊನ್ಸೊ, ರಾಜನೇ ಕಟ್ಟಿಸಿದ ಈಟನ್ ಕಾಲೇಜು ಎಲ್ಲವೂ ಈ ಅಲೆಯಲ್ಲಿ ಎದ್ದವು. ಬೆಡಿಂಗ್‌ಫೀಲ್ಡ್ ಮನೆ ಕಟ್ಟಲು ಹೊರಟಾಗ ಇಟ್ಟಿಗೆ ಬಡವರ ಕಲ್ಲಾಗಿರಲಿಲ್ಲ, ಹೊಸ ಹಣ ಮತ್ತು ಹೊಸ ಅಭಿರುಚಿಯ ಸಾಮಗ್ರಿಯಾಗಿತ್ತು. ಇಟ್ಟಿಗೆ ಎಂದರೆ ಅಗ್ಗ ಎಂದು ತಿಳಿದ ಇಂದಿನ ಓದುಗರು ಈ ಮಾತನ್ನು ನೆನಪಿಟ್ಟುಕೊಳ್ಳದಿದ್ದರೆ ಆಕ್ಸ್‌ಬರ್ಗ್ ಅರ್ಥವಾಗುವುದಿಲ್ಲ.

ಇಟ್ಟಿಗೆ ತಯಾರಿಕೆಗೆ ಒಂದಿಡೀ ವರ್ಷ ಹಿಡಿಯುತ್ತಿತ್ತು. ಚಳಿ ಬರುವ ಮೊದಲೇ ಮಣ್ಣು ಅಗೆದು ರಾಶಿ ಹಾಕಬೇಕು. ಚಳಿಗಾಲದ ಹಿಮ ಅದರೊಳಗೆ ಹೊಕ್ಕು ಹೆಪ್ಪುಗಟ್ಟಿ, ಕರಗಿ, ಗಂಟುಗಳನ್ನು ಒಡೆದು ಮಣ್ಣನ್ನು ಹದಕ್ಕೆ ತರುತ್ತದೆ. 1477ರಲ್ಲಿ ನಾಲ್ಕನೇ ಎಡ್ವರ್ಡನ ಕಾಲದಲ್ಲಿ ಹೆಂಚು ತಯಾರಕರಿಗೆ ಬಂದ ಕಾನೂನು ಈ ಕ್ರಮವನ್ನೇ ಕಡ್ಡಾಯ ಮಾಡಿತ್ತು: ನವೆಂಬರ್ 1ರೊಳಗೆ ಮಣ್ಣು ಅಗೆದಿರಬೇಕು, ಫೆಬ್ರವರಿ 1ಕ್ಕೆ ಮೊದಲು ಮಗುಚಿರಬೇಕು, ಮಾರ್ಚ್ 1ಕ್ಕೆ ಮುಂಚೆ ಅಚ್ಚಿಗೆ ಹಾಕಕೂಡದು. ಬೇಸಿಗೆಯಲ್ಲಿ ಮಣ್ಣನ್ನು ತುಳಿದು, ಕಲ್ಲಿನ ಚೂರು ಆರಿಸಿ ತೆಗೆದು, ಮರದ ಅಚ್ಚಿಗೆ ಬಡಿದು, ಮೇಲಿನ ಹೆಚ್ಚುವರಿಯನ್ನು ಕೋಲಿನಿಂದ ಸವರಿ ತೆಗೆಯುತ್ತಿದ್ದರು. ಹಸಿ ಇಟ್ಟಿಗೆ ವಾರಗಟ್ಟಲೆ ನೆರಳಲ್ಲಿ ಒಣಗಿದ ಮೇಲೆ ಗೂಡಿಗೆ. ಸೌದೆಯ ಬೆಂಕಿ ಗೂಡಿನ ಎಲ್ಲ ಕಡೆಗೂ ಒಂದೇ ಸಮ ತಾಗುವುದಿಲ್ಲ. ಬೆಂಕಿಗೆ ತೀರಾ ಹತ್ತಿರವಿದ್ದ ಇಟ್ಟಿಗೆಯ ತುದಿ ಕರಗಿ ಗಾಜಿನಂತೆ ಮಿರುಗುವ ಕಡುನೀಲಿಗೆ ತಿರುಗುತ್ತಿತ್ತು, ದೂರವಿದ್ದದ್ದು ಕಿತ್ತಳೆ ಬಣ್ಣದಲ್ಲೇ ಉಳಿಯುತ್ತಿತ್ತು. ಈ ದೋಷವನ್ನೇ ಆ ಕಾಲದ ಮೇಸ್ತ್ರಿಗಳು ಅಲಂಕಾರ ಮಾಡಿಕೊಂಡರು. ಕಪ್ಪಾದ ತುದಿಗಳನ್ನು ಆರಿಸಿಟ್ಟು ಕೆಂಪು ಗೋಡೆಯ ಮೇಲೆ ವಜ್ರಾಕೃತಿಯ ಬಲೆ ಹೆಣೆಯುವುದು ಏಳನೇ ಹೆನ್ರಿಯಿಂದ ಶುರುವಾದ ಟ್ಯೂಡರ್ ಯುಗದ ಇಟ್ಟಿಗೆ ಮನೆಗಳಲ್ಲೆಲ್ಲ ಹಬ್ಬಿತು. ಅಂದಿನ ಇಟ್ಟಿಗೆ ಎರಡು ಅಂಗುಲದಷ್ಟೇ ದಪ್ಪ. ಯಾವುದೂ ಅಳತೆಗೆ ಸರಿಯಾಗಿ ಇರುತ್ತಿರಲಿಲ್ಲವಾದ್ದರಿಂದ ನಡುವೆ ಸುಣ್ಣದ ಗಾರೆಯನ್ನು ಧಾರಾಳವಾಗಿ ತುಂಬುತ್ತಿದ್ದರು. ಹಳೆಯ ಗೋಡೆಗಳಿಗಿರುವ ಮೆದುವಾದ, ಸ್ವಲ್ಪ ಅಲುಗಿದಂಥ ನೋಟಕ್ಕೆ ಈ ದಪ್ಪ ಗಾರೆಯೇ ಕಾರಣ. ಯಂತ್ರದ ಇಟ್ಟಿಗೆಯಲ್ಲಿ ಆ ನೋಟ ಎಂದೂ ಬಾರದು.

ಆಕ್ಸ್‌ಬರ್ಗ್ ಮನೆಯ ವಿನ್ಯಾಸ ಸರಳ. ಬದಿಗೆ ಸುಮಾರು 75 ಮೀಟರಿನಂತೆ ಚೌಕವಾದ ಕಂದಕ. ಅದರೊಳಗೆ ನಡುವಂಗಳದ ಸುತ್ತ ನಾಲ್ಕು ಸಾಲು ಕಟ್ಟಡ. ಉತ್ತರದ ಸಾಲಿನ ನಟ್ಟನಡುವೆ ಹೆಬ್ಬಾಗಿಲ ಗೋಪುರ, ಅದರ ಮುಂದೆ ಮೂರು ಕಮಾನಿನ ಸೇತುವೆ. ಹೆಬ್ಬಾಗಿಲು ದಾಟಿ ಅಂಗಳಕ್ಕೆ ಬಂದರೆ ಎದುರಿಗೆ, ದಕ್ಷಿಣದ ಸಾಲಿನಲ್ಲಿ ಮಹಾಹಜಾರ. ಮಧ್ಯಯುಗದ ಇಂಗ್ಲಿಷ್ ಮನೆಗೆ ಹಜಾರವೇ ಜೀವ. ಯಜಮಾನ, ಬಂಧುಗಳು, ಆಳುಕಾಳು ಎಲ್ಲರೂ ಉಣ್ಣುತ್ತಿದ್ದದ್ದು, ಜಮೀನಿನ ವ್ಯಾಜ್ಯ ತೀರುತ್ತಿದ್ದದ್ದು ಅಲ್ಲಿ. ಮನೆಗೆ ಬಂದ ಅತಿಥಿ ಹಳ್ಳಿಯ ಬಯಲಿನಿಂದ ಸೇತುವೆಗೆ, ಸೇತುವೆಯಿಂದ ಬಾಗಿಲ ಕತ್ತಲೆಗೆ, ಕತ್ತಲೆಯಿಂದ ಬೆಳಕಿನ ಅಂಗಳಕ್ಕೆ, ಅಂಗಳದಿಂದ ಯಜಮಾನನ ಎದುರಿಗೆ ಹೋಗಿ ನಿಲ್ಲುವಂತೆ ದಾರಿಯನ್ನು ಹೂಡಲಾಗಿತ್ತು.

ಗೋಡೆಗಳು ನೇರವಾಗಿ ನೀರಿನಿಂದಲೇ ಏಳುವುದು ಈ ಮನೆಯ ಮುಖ್ಯ ಸೊಗಸು. ಗೋಡೆಗೂ ನೀರಿಗೂ ನಡುವೆ ದಂಡೆಯಿಲ್ಲ. ಆ ಕಾಲಕ್ಕೆ ಪಶ್ಚಿಮಕ್ಕೆ ಹರಡಿಕೊಂಡಿದ್ದದ್ದು ಫೆನ್ಸ್ ಎಂಬ ವಿಶಾಲವಾದ ಜೌಗುನಾಡು. ಅದರ ಅಂಚಿನ ಈ ತಗ್ಗು ನೆಲದಲ್ಲಿ ಕಂದಕಕ್ಕೆ ನೀರು ತರುವುದು ಕಷ್ಟದ ಕೆಲಸವಲ್ಲ. ಕಳ್ಳಕಾಕರನ್ನು ದೂರವಿಡಲು, ಮೀನು ಸಾಕಲು, ಕೊಳೆನೀರು ಬಿಡಲು ಕಂದಕ ಒದಗುತ್ತಿತ್ತು. ನಿಂತ ನೀರಿನಲ್ಲಿ ಮನೆಯ ನೆರಳು ಬಿದ್ದು ಎತ್ತರ ಇಮ್ಮಡಿಯಾಗಿ ಕಾಣುವುದು ಹೆಚ್ಚುವರಿ ಲಾಭ. ಕಟ್ಟಿಸಿದವನಿಗೆ ಅದು ತಿಳಿಯದೇ ಇದ್ದಿರಲಾರದು.

ಇಡೀ ಕಟ್ಟಡದಲ್ಲಿ ಹೆಚ್ಚು ಬದಲಾಗದೆ ಮೂಲರೂಪದಲ್ಲಿ ಉಳಿದಿರುವುದು ಹೆಬ್ಬಾಗಿಲ ಗೋಪುರ. ಎತ್ತರ ಸುಮಾರು 80 ಅಡಿ. ಬಾಗಿಲಿನ ಎಡಬಲಕ್ಕೆ ಬಹುಭುಜಾಕೃತಿಯ ಎರಡು ಬುರುಜುಗಳು ಅಕ್ಕಪಕ್ಕದ ಕಟ್ಟಡಗಳನ್ನು ಮೀರಿ ಮೇಲೇರುತ್ತವೆ. ಪ್ರತಿ ಬುರುಜಿನ ಮೈಯನ್ನು ಮಟ್ಟಮಟ್ಟವಾಗಿ ಅಂಕಣಗಳಂತೆ ವಿಂಗಡಿಸಿದ್ದು, ಅಂಕಣದ ತಲೆಯ ಮೇಲೆ ಮೂರೆಸಳಿನ ಪುಟ್ಟ ಕಮಾನುಗಳ ಪಟ್ಟಿ ಓಡುತ್ತದೆ. ಕೆಳಗೆ ನಿಂತು ಕತ್ತೆತ್ತಿದರೆ ಈ ಪಟ್ಟಿಗಳು ಒಂದರ ಮೇಲೊಂದು ಏರುತ್ತ ಹೋಗಿ ಬುರುಜು ಇರುವುದಕ್ಕಿಂತ ಎತ್ತರವೆನಿಸುತ್ತದೆ. ಈ ಎಸಳುಗಳೂ ಇಟ್ಟಿಗೆಯವೇ. ಇಂಥ ಬಿಡಿಭಾಗಗಳನ್ನು ಮಾಡಲು ಅಂದು ಎರಡು ದಾರಿಗಳಿದ್ದವು: ಬೇಕಾದ ಆಕಾರದ ಅಚ್ಚು ಮಾಡಿಸಿ ಹಸಿಮಣ್ಣನ್ನೇ ಆ ರೂಪದಲ್ಲಿ ಸುಡುವುದು, ಇಲ್ಲವೇ ಸುಟ್ಟ ಇಟ್ಟಿಗೆಯನ್ನು ಕೊಡಲಿಯಿಂದ ಕಡಿದು, ಒರಟು ಕಲ್ಲಿನ ಮೇಲೆ ಉಜ್ಜಿ ನಯ ಮಾಡುವುದು. ಕಲ್ಲುಕುಟಿಗ ಉಳಿಯಿಂದ ಬಿಡಿಸಬೇಕಾದುದನ್ನು ಇಲ್ಲಿ ಇಟ್ಟಿಗೆಯವನೇ ಮುಗಿಸಿದ್ದಾನೆ.

ಬಾಗಿಲಿನ ಕಮಾನಿನ ಮೇಲೆ, ಎರಡು ಬುರುಜುಗಳ ನಡುವೆ, ಒಂದರ ಮೇಲೊಂದು ದೊಡ್ಡ ಕಿಟಕಿಗಳು. ಅವುಗಳಿಗೂ ಮೇಲೆ ಬುರುಜಿನಿಂದ ಬುರುಜಿಗೆ ಹಾಯ್ದ ಒಂದು ಕಮಾನು. ಅದರ ಹಿಂದಿನ ಸಂದಿನಿಂದ ಬಾಗಿಲು ಮುರಿಯಲು ಬಂದವರ ತಲೆಯ ಮೇಲೆ ಕಲ್ಲು ಸುರಿಯಬಹುದು. ಹಳೆಯ ಕೋಟೆಗಳಲ್ಲಿ ಅದು ನಿಜವಾದ ಹತ್ಯಾರು. ಆದರೆ ಅದರ ಕೆಳಗೇ ಗಾಜಿನ ಕಿಟಕಿಗಳನ್ನು ಇಟ್ಟವನು ಮುತ್ತಿಗೆಯನ್ನು ಎಷ್ಟು ಗಂಭೀರವಾಗಿ ಎಣಿಸಿದ್ದ?

ಹಾಗೆಂದು ಇದನ್ನೆಲ್ಲ ಬರೀ ನಾಟಕವೆಂದು ತಳ್ಳಿಹಾಕುವುದೂ ಸರಿಯಲ್ಲ. 1469ರಲ್ಲಿ, ಎಡ್ಮಂಡ್ ಪರವಾನಗಿ ಪಡೆಯುವುದಕ್ಕೆ 13 ವರ್ಷ ಮೊದಲು, ಇದೇ ಸೀಮೆಯ ಕೈಸ್ಟರ್ ಕೋಟೆಗೆ ನಾರ್ಫೋಕ್‌ನ ಡ್ಯೂಕ್ ಮುತ್ತಿಗೆ ಹಾಕಿ ಪ್ಯಾಸ್ಟನ್ ಕುಟುಂಬದಿಂದ ಅದನ್ನು ಕಿತ್ತುಕೊಂಡಿದ್ದ. ಹೊರಗಿನ ಶತ್ರುವಲ್ಲ, ಆಸ್ತಿ ಜಗಳದ ನೆರೆಯವನೇ ಸೈನ್ಯ ಕಟ್ಟಿಕೊಂಡು ಬರುತ್ತಿದ್ದ ಕಾಲ. ಎಡ್ಮಂಡ್‌ಗೆ ಪ್ಯಾಸ್ಟನ್ನರ ಪರಿಚಯವಿತ್ತು. 1477ರಲ್ಲಿ ಅವನು ಫ್ರಾನ್ಸಿನ ಕರಾವಳಿಯ ಕ್ಯಾಲೆಯಿಂದ ಸರ್ ಜಾನ್ ಪ್ಯಾಸ್ಟನ್‌ಗೆ ಬರೆದ ಪತ್ರ ಉಳಿದಿದೆ. ಕಂದಕ, ಭದ್ರವಾದ ಬಾಗಿಲು, ಒಂದು ರಾತ್ರಿ ತಡೆದು ನಿಲ್ಲಬಲ್ಲ ಗೋಡೆ ಅಂಥ ನೆರೆಯವರನ್ನು ನಿಲ್ಲಿಸಲು ಸಾಕು. ತೋಪು ಹೊತ್ತ ದಂಡು ಬಂದರೆ ಸಾಲದು. ಹೀಗೆ ಆಕ್ಸ್‌ಬರ್ಗ್ ಒಂದು ಹೆಜ್ಜೆ ಕೋಟೆಯ ಕಾಲದಲ್ಲಿ, ಇನ್ನೊಂದು ಹೆಜ್ಜೆ ಬಂಗಲೆಯ ಕಾಲದಲ್ಲಿ ಇಟ್ಟು ನಿಂತಿದೆ.

ಕಟ್ಟಿದವರ ಕೈಚಳಕ ಕಾಣಬೇಕೆಂದರೆ ಒಂದು ಬುರುಜಿನೊಳಗಿನ ಸುರುಳಿ ಮೆಟ್ಟಿಲನ್ನು ಹತ್ತಬೇಕು. ನೆಲದಿಂದ ಮಾಳಿಗೆಯವರೆಗೆ ಏರುವ ಈ ಮೆಟ್ಟಿಲ ಗೂಡಿನಲ್ಲಿ ನಡುಗಂಬ, ಸುತ್ತುಗೋಡೆ, ತಲೆಯ ಮೇಲಿನ ಚಾವಣಿ ಎಲ್ಲವೂ ಇಟ್ಟಿಗೆ. ಚಾವಣಿ ಮಟ್ಟಸವಾಗಿಲ್ಲ, ಮೆಟ್ಟಿಲಿನ ಜೊತೆಜೊತೆಗೇ ತಿರುಗುತ್ತ, ಏರುತ್ತ ಹೋಗುವ ಕಮಾನು ಅದು. ನೇರವಾದ ಕಮಾನು ಕಟ್ಟುವಾಗ ಕೆಳಗೆ ಮರದ ಆಸರೆ ಕೊಟ್ಟು, ಗಾರೆ ಗಟ್ಟಿಯಾದ ಮೇಲೆ ಅದನ್ನು ಜಾರಿಸಿ ಮುಂದಿನ ತುಂಡಿಗೆ ಬಳಸಬಹುದು. ಸುರುಳಿಯಲ್ಲಿ ಆ ಆಸರೆಯೂ ತಿರುಚಿಕೊಂಡೇ ಇರಬೇಕು. ಇಟ್ಟಿಗೆಯ ಸಾಲುಗಳು ನಡುಗಂಬದ ಬಳಿ ಕಿರಿದಾಗಿ, ಹೊರಗೋಡೆಯ ಬಳಿ ಅಗಲವಾಗಿ ಬೀಸಣಿಗೆಯಂತೆ ಬಿಚ್ಚಿಕೊಳ್ಳಬೇಕು. ಜೊತೆಗೆ ಪ್ರತಿ ಸಾಲೂ ಹಿಂದಿನದಕ್ಕಿಂತ ಕೂದಲೆಳೆಯಷ್ಟು ಮೇಲೆ ಕೂರಬೇಕು. ನಕ್ಷೆ ನೋಡಿ ಮಾಡುವ ಕೆಲಸವಲ್ಲ ಇದು. ಇಟ್ಟಿಗೆಯನ್ನು ಕೈಯಲ್ಲಿ ಹಿಡಿದು, ಒಂದಿಷ್ಟು ಕಡಿದು, ಇಟ್ಟು ನೋಡಿ, ಮತ್ತೆ ಕಡಿದು ಕೂರಿಸುವ ಕೆಲಸ. ಹೊರಗೋಡೆಯಲ್ಲಿ ಹಿಡಿಕೆಯೂ ಉಂಟು. ಅದು ಗೋಡೆಯಿಂದ ಹೊರಚಾಚಿಕೊಂಡಿಲ್ಲ. ಗೋಡೆಯೊಳಗೆ ತೋಡಿದ ಕಾಲುವೆಯಲ್ಲಿ, ಅಚ್ಚಿನಲ್ಲಿ ಉರುಟು ಮಾಡಿದ ಇಟ್ಟಿಗೆಗಳನ್ನು ಒಂದರ ಪಕ್ಕ ಒಂದರಂತೆ ಜೋಡಿಸಿ ಮೇಲಿನವರೆಗೆ ಎಳೆದಿದ್ದಾರೆ. ಇಕ್ಕಟ್ಟಾದ ಸುರುಳಿಯಲ್ಲಿ ಹತ್ತುವವನ ಮೈಗೆ ತಾಗದು, ಬೆರಳಿಗೆ ಮಾತ್ರ ಸಿಗುತ್ತದೆ. ಬುರುಜಿನ ಹೊರಮುಖವನ್ನು ನೋಡಿ ಹೊಗಳಿ ಹೊರಟುಹೋಗುವವರೇ ಹೆಚ್ಚು. ಆದರೆ ಈ ಮನೆಯ ಮೇಸ್ತ್ರಿ ತನ್ನ ಹೆಸರನ್ನು ಎಲ್ಲಾದರೂ ಬರೆದಿದ್ದರೆ ಅದು ಈ ಹಿಡಿಕೆಯಲ್ಲಿ ಎನ್ನಬೇಕು.

ಗೋಪುರದೊಳಗಿನ ಎರಡು ದೊಡ್ಡ ಕೋಣೆಗಳಿಗೆ ರಾಜನ ಕೋಣೆ, ರಾಣಿಯ ಕೋಣೆ ಎಂಬ ಹೆಸರುಗಳಿವೆ. 1487ರಲ್ಲಿ ಏಳನೇ ಹೆನ್ರಿ ಮತ್ತು ರಾಣಿ ಎಲಿಜಬೆತ್ ಇಲ್ಲಿಗೆ ಬಂದಿದ್ದರೆಂಬ ನೆನಪಿಗೆ ಬಂದ ಹೆಸರುಗಳು. ಕಾದಾಟದ ಕೋಟೆಯಲ್ಲಿ ಹೆಬ್ಬಾಗಿಲ ಮೇಲಿನ ಕೋಣೆ ಕಾವಲುಗಾರರದ್ದು. ಇಲ್ಲಿ ಅದು ಮನೆಯ ಅತ್ಯುತ್ತಮ ಕೋಣೆ. ಬೆಳಕು, ಬೆಂಕಿಗೂಡು, ಎರಡೂ ಕಡೆಯ ನೋಟ ಎಲ್ಲ ಇರುವ ಕೋಣೆ. ಕಾವಲಿನ ಜಾಗಕ್ಕೆ ಮಂಚ ಬಂದಾಗಲೇ ಕೋಟೆಯ ಕಾಲ ಮುಗಿದಿತ್ತು.

ರಾಜನ ಕೋಣೆಯ ಪಕ್ಕದ ಬುರುಜಿನಲ್ಲಿ ಮೊದಲಿಗೆ ಪಾಯಿಖಾನೆಯಾಗಿದ್ದ ಒಂದು ಸಣ್ಣ ಗೂಡಿದೆ. ಅದರ ನೆಲದ ಒಂದು ತುಂಡು ಭಾರಕ್ಕೆ ವಾಲಿ ತೆರೆದುಕೊಳ್ಳುತ್ತದೆ. ಮೇಲೆ ಹೆಂಚು ಹೊದಿಸಿರುವುದರಿಂದ ಮುಚ್ಚಿದಾಗ ಸುತ್ತಲಿನ ನೆಲಕ್ಕೂ ಅದಕ್ಕೂ ವ್ಯತ್ಯಾಸ ತಿಳಿಯದು. ಅದರ ಕೆಳಗೆ ಒಬ್ಬ ಮನುಷ್ಯ ಮುದುರಿಕೊಂಡು ಕೂರಬಲ್ಲ ಪೊಳ್ಳು. ಇದು ಪಾದ್ರಿಗಳ ಅಡಗುತಾಣ. ಬೆಡಿಂಗ್‌ಫೀಲ್ಡರು ಕ್ಯಾಥೊಲಿಕರು. ಮೊದಲನೇ ಎಲಿಜಬೆತ್ ಆಳ್ವಿಕೆಯಲ್ಲಿ ಪ್ರಾಟೆಸ್ಟೆಂಟ್ ಚರ್ಚಿಗೆ ಹೋಗದವರಿಗೆ 1581ರಿಂದ ತಿಂಗಳಿಗೆ 20 ಪೌಂಡ್ ದಂಡ. 1585ರ ಕಾನೂನಿನ ಪ್ರಕಾರ ವಿದೇಶದಲ್ಲಿ ದೀಕ್ಷೆ ಪಡೆದ ಪಾದ್ರಿ ಇಂಗ್ಲೆಂಡಿನಲ್ಲಿ ಇರುವುದೇ ರಾಜದ್ರೋಹ, ಅವನಿಗೆ ಆಶ್ರಯ ಕೊಟ್ಟವನಿಗೂ ಮರಣದಂಡನೆಯಾಗಬಹುದು. ಇದರಲ್ಲಿ ಇತಿಹಾಸದ ಒಂದು ಕುಚೋದ್ಯವೂ ಇದೆ. ಎಲಿಜಬೆತ್ ಪಟ್ಟಕ್ಕೆ ಬರುವ ಮೊದಲು, 1554ರಲ್ಲಿ, ಅಕ್ಕ ಮೇರಿ ಅವಳನ್ನು ಬಂಧನದಲ್ಲಿಟ್ಟಾಗ ವುಡ್‌ಸ್ಟಾಕ್‌ನಲ್ಲಿ ಕಾವಲಿಗೆ ನಿಂತವನು ಈ ಮನೆಯ ಯಜಮಾನ ಸರ್ ಹೆನ್ರಿ ಬೆಡಿಂಗ್‌ಫೀಲ್ಡ್. ಬುರುಜು, ಕಂದಕ, ಕಲ್ಲು ಸುರಿಯುವ ಸಂದು ಇವೆಲ್ಲಕ್ಕಿಂತ ಆ ನೆಲದಡಿಯ ಪೊಳ್ಳೇ ಮನೆಯ ನಿಜವಾದ ರಕ್ಷಣಾ ವ್ಯವಸ್ಥೆಯಾಯಿತು ಎಂದರೆ ಅತಿಶಯವಲ್ಲ.

17ನೇ ಶತಮಾನದಲ್ಲಿ ದೊರೆಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ಮನೆತನ ಮೊದಲನೇ ಚಾರ್ಲ್ಸ್ ದೊರೆಯ ಪಕ್ಷ ಹಿಡಿಯಿತು. ಸೋತ ಪಕ್ಷ. ಮನೆ ಲೂಟಿಯಾಯಿತು, ಒಂದು ಭಾಗಕ್ಕೆ ಬೆಂಕಿ ಬಿತ್ತು. ರಾಜಪ್ರಭುತ್ವ ಮರಳಿದ ಮೇಲೆ 1661ರಲ್ಲಿ ವಂಶಪಾರಂಪರ್ಯದ ಬ್ಯಾರೊನೆಟ್ ಪದವಿ ಸಿಕ್ಕಿತಷ್ಟೆ, ಕಳೆದುಕೊಂಡ ಹಣ ಬರಲಿಲ್ಲ. ಕ್ಯಾಥೊಲಿಕರ ಭೂಮಿಗೆ ಇಮ್ಮಡಿ ಕಂದಾಯ ಬೇರೆ. ಹಣದ ಈ ಮುಗ್ಗಟ್ಟು ಒಂದು ರೀತಿಯಲ್ಲಿ ಮನೆಯನ್ನು ಕಾಪಾಡಿತು. ಕೈತುಂಬ ಕಾಸಿದ್ದ ನೆರೆಹೊರೆಯವರು ಹಳೆಯ ಮನೆ ಕೆಡವಿ ಇಟಾಲಿಯನ್ ಮಾದರಿಯ ಕಂಬಗಳ ಬಂಗಲೆ ಕಟ್ಟಿಕೊಳ್ಳುತ್ತಿದ್ದಾಗ ಇವರು ಇದ್ದುದರಲ್ಲೇ ಇದ್ದರು. ಆದರೂ 1770ರ ದಶಕದಲ್ಲಿ ನಾಲ್ಕನೇ ಬ್ಯಾರೊನೆಟ್ ಸರ್ ರಿಚರ್ಡ್ ದಕ್ಷಿಣದ ಸಾಲನ್ನು, ಅಂದರೆ ಮಹಾಹಜಾರವನ್ನೇ ಕೆಡವಿಸಿದ. ಅಂಗಳಕ್ಕೆ ಗಾಳಿ ಬೆಳಕು ಬಂತು. ಆದರೆ ಹೆಬ್ಬಾಗಿಲಿನಿಂದ ಹೊರಟ ದಾರಿ ಯಾವುದಕ್ಕಾಗಿ ಇತ್ತೋ ಅದೇ ಇಲ್ಲವಾಯಿತು. ಬಾಗಿಲು ಅಷ್ಟು ದೊಡ್ಡದು, ಅದರ ಹಿಂದಿನ ಮನೆ ಅದಕ್ಕೆ ಸಾಲದು ಎಂದು ಇಂದು ಆಕ್ಸ್‌ಬರ್ಗ್ ನೋಡಿದವರಿಗೆ ಅನ್ನಿಸುವುದು ಈ ಕಾರಣಕ್ಕೆ.

1829ರಲ್ಲಿ ಕ್ಯಾಥೊಲಿಕರ ಮೇಲಿನ ನಿರ್ಬಂಧಗಳು ಬಹುಮಟ್ಟಿಗೆ ತೆರವಾದವು. ಅದರ ಬೆನ್ನಿಗೇ, 1830ರ ದಶಕದಲ್ಲಿ, ಆರನೇ ಬ್ಯಾರೊನೆಟ್ ಸರ್ ಹೆನ್ರಿ ಮನೆಯ ಜೀರ್ಣೋದ್ಧಾರಕ್ಕೆ ಕೈಹಾಕಿದ. ವಾಸ್ತುಶಿಲ್ಪಿ ಜಾನ್ ಚೆಸೆಲ್ ಬಕ್ಲರ್. ಹಳೆಯ ಕಟ್ಟಡಗಳ ಚಿತ್ರ ಬರೆಯುವುದರಲ್ಲೇ ಪಳಗಿದ್ದ ಬಕ್ಲರ್ ಆಗ್ನೇಯದ ಮೂಲೆಯಲ್ಲಿ ಒಂದು ಗೋಪುರ ಕಟ್ಟಿದ, ಹೊರಚಾಚಿದ ಕಿಟಕಿಗಳನ್ನು ಕೂರಿಸಿದ, ಸೂರಿನ ಮೇಲೆ ತಿರುಚಿದ ಕುಸುರಿಯ ಟೆರಾಕೋಟಾ ಚಿಮಣಿಗಳನ್ನು ನಿಲ್ಲಿಸಿದ. ಆಕ್ಸ್‌ಬರ್ಗ್‌ನ ಚಿತ್ರಗಳಲ್ಲಿ ‘ಟ್ಯೂಡರ್’ ಎಂದು ಜನ ಮೆಚ್ಚುವ ಎಷ್ಟೋ ಅಂಶಗಳು ಟ್ಯೂಡರರಿಗಿಂತ ಮುನ್ನೂರು ವರ್ಷ ಈಚಿನವು. 1784ರಿಂದ 1850ರವರೆಗೆ ಇಂಗ್ಲೆಂಡಿನಲ್ಲಿ ಇಟ್ಟಿಗೆಯ ಮೇಲೆ ತೆರಿಗೆಯಿತ್ತು. ಅಂಥ ಕಾಲದಲ್ಲಿ ಬರೀ ಅಲಂಕಾರಕ್ಕೆ ಇಷ್ಟು ಇಟ್ಟಿಗೆ ಸುರಿದದ್ದೂ ಒಂದು ಹೇಳಿಕೆಯೇ: ಈ ಮನೆತನ ಮತ್ತೆ ತಲೆಯೆತ್ತಿದೆ ಎಂದು. ಎಡ್ಮಂಡ್ ಕೋಟೆಯ ವೇಷ ಹಾಕಿದ್ದ. ಅವನ ವಂಶಜ ಎಡ್ಮಂಡ್‌ನ ಕಾಲದ ವೇಷ ಹಾಕಿದ. ಶುದ್ಧತೆಯ ಪಕ್ಷದವರು ಬಕ್ಲರ್‌ನನ್ನು ದೂರುವುದುಂಟು. ಆದರೆ ಅವನ ಕೆಲಸ ಹಳೆಯ ಹೆಬ್ಬಾಗಿಲನ್ನು ಮುಟ್ಟಲಿಲ್ಲ, ಅದರ ಜೊತೆ ಸ್ಪರ್ಧೆಗೂ ಇಳಿಯಲಿಲ್ಲ. ಅದೇ ಹೊತ್ತಿನಲ್ಲಿ ತೋಟದಂಚಿನಲ್ಲಿ ಒಂದು ಕ್ಯಾಥೊಲಿಕ್ ಪ್ರಾರ್ಥನಾ ಮಂದಿರವೂ ಎದ್ದಿತು. ಎರಡೂವರೆ ಶತಮಾನ ನೆಲದಡಿಯಲ್ಲಿ ಅಡಗಿದ್ದ ನಂಬಿಕೆಗೆ ಬಯಲಿನಲ್ಲಿ ಒಂದು ಕಟ್ಟಡ ಸಿಕ್ಕಿತು.

ಸುಟ್ಟ ಮಣ್ಣಿನ ಕಥೆಗೆ ಹಳ್ಳಿಯ ಚರ್ಚೂ ಸೇರುತ್ತದೆ. ಸೇಂಟ್ ಜಾನ್ ಚರ್ಚಿನ ಗೋಪುರ 1948ರಲ್ಲಿ ಕುಸಿದು ನಡುಹಜಾರದ ಮೇಲೆ ಬಿತ್ತು. ಚರ್ಚಿನ ಬಹುಭಾಗ ಹಾಳಾಯಿತು. ಬೆಡಿಂಗ್‌ಫೀಲ್ಡರ ಸಮಾಧಿ ಮಂದಿರ ಉಳಿಯಿತು. ಅದರೊಳಗೆ 1520ರ ದಶಕದ ಟೆರಾಕೋಟಾ ಸಮಾಧಿ ತೆರೆಗಳಿವೆ. ಅವುಗಳ ಮೇಲೆ ಇಟಲಿಯ ನವೋದಯ ಶೈಲಿಯ ಬಳ್ಳಿಗಳು, ಹೂದಾನಿಗಳು, ಚಪ್ಪಟೆ ಕಂಬಗಳು. ಇಂಗ್ಲೆಂಡಿಗೆ ಈ ಶೈಲಿ ಆಗಷ್ಟೇ ಕಾಲಿಟ್ಟಿತ್ತು. ಎಸೆಕ್ಸ್‌ನ ಲೇಯರ್ ಮಾರ್ನಿಯಲ್ಲೂ ಇದೇ ಬಗೆಯ ಕೆಲಸವಿದೆ. ಅಲ್ಲಿನ ಇಟ್ಟಿಗೆ ಗೋಪುರ ಆಕ್ಸ್‌ಬರ್ಗ್‌ಗಿಂತ ಸುಮಾರು 40 ವರ್ಷ ಈಚಿನದು. ನೆತ್ತಿಯ ಮೇಲೆ ತೆನೆಯ ಬದಲು ಟೆರಾಕೋಟಾದ ಚಿಪ್ಪು ಮತ್ತು ಡಾಲ್ಫಿನ್‌ಗಳು. ವೇಷ ಕಳಚಿ ಬರೀ ಒಡವೆ ಉಳಿದಾಗ ಹೆಬ್ಬಾಗಿಲು ಹೇಗಿರುತ್ತದೆ ಎಂಬುದನ್ನು ಅಲ್ಲಿ ನೋಡಬಹುದು.

20ನೇ ಶತಮಾನದ ತೆರಿಗೆ ಮತ್ತು ರಿಪೇರಿಯ ಹೊರೆ ಇಂಥ ನೂರಾರು ಮನೆಗಳನ್ನು ನುಂಗಿತು. ಆಕ್ಸ್‌ಬರ್ಗ್ ಕೂಡ 1951ರಲ್ಲಿ ಮಾರಾಟವಾಯಿತು. ಕೊಂಡದ್ದು ಒಂದು ವಿಮಾ ಕಂಪನಿ. ಮರ ಕಡಿದು, ಮನೆ ಕೆಡವುವುದು ಖಚಿತವೆನ್ನುವ ಹಂತಕ್ಕೆ ಬಂತು. ಆಗ ಮನೆಯ ಹಿರಿಯಾಕೆ ಸಿಬಿಲ್ ಬೆಡಿಂಗ್‌ಫೀಲ್ಡ್ ಮತ್ತು ಕುಟುಂಬದ ಇನ್ನಿಬ್ಬರು ಹೆಣ್ಣುಮಕ್ಕಳು ತಮ್ಮ ತಮ್ಮ ಮನೆಗಳನ್ನು ಮಾರಿ ಹಣ ಹೊಂದಿಸಿ ಅದನ್ನು ಮರಳಿ ಕೊಂಡರು. 1952ರಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಒಪ್ಪಿಸಿದರು. ಹೆಣ್ಣಿನ ಕಡೆಯಿಂದ ಬಂದ ಆಸ್ತಿ ಹೆಣ್ಣುಮಕ್ಕಳಿಂದಲೇ ಉಳಿಯಿತು.

2016ರಲ್ಲಿ ಸೂರಿನ ಮೇಲಿನ ಒಂದು ಗವಾಕ್ಷಿ ಕುಸಿದು ಅಂಗಳಕ್ಕೆ ಬಿತ್ತು. ತಪಾಸಣೆ ಮಾಡಿದಾಗ ಉಳಿದ ಗವಾಕ್ಷಿಗಳೂ ಬಿಗಿಯಾಗಿಲ್ಲವೆಂದು ತಿಳಿಯಿತು. ಸೂರು, ಚಿಮಣಿ, ಕಿಟಕಿಗಳ ದುರಸ್ತಿಗೆ ಸುಮಾರು 60 ಲಕ್ಷ ಪೌಂಡಿನ ಯೋಜನೆ ರೂಪುಗೊಂಡಿತು. ಇಂಥ ಕೆಲಸದಲ್ಲಿ ಸಿಮೆಂಟಿಗೆ ಜಾಗವಿಲ್ಲ. ಹಳೆಯ ಇಟ್ಟಿಗೆ ಮೆದು, ಮಳೆನೀರು ಕುಡಿಯುತ್ತದೆ. ಕುಡಿದ ನೀರು ಗಾರೆಯ ಮೂಲಕವೇ ಆವಿಯಾಗಿ ಹೊರಹೋಗಬೇಕು. ಸುಣ್ಣದ ಗಾರೆ ಅದಕ್ಕೆ ದಾರಿ ಕೊಡುತ್ತದೆ. ಗಟ್ಟಿ ಸಿಮೆಂಟು ದಾರಿ ಮುಚ್ಚಿದರೆ ನೀರು ಇಟ್ಟಿಗೆಯಲ್ಲೇ ನಿಂತು, ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ, ಇಟ್ಟಿಗೆಯ ಮುಖವನ್ನೇ ಸಿಪ್ಪೆಯಂತೆ ಎಬ್ಬಿಸಿಬಿಡುತ್ತದೆ. ಚಳಿಗಾಲದ ಹಿಮ ಮಣ್ಣನ್ನು ಹದಗೊಳಿಸಿತ್ತಲ್ಲ, ಅದೇ ಹಿಮ ಸುಟ್ಟ ಇಟ್ಟಿಗೆಗೆ ಶತ್ರು.

ದುರಸ್ತಿಗಾಗಿ 2020ರಲ್ಲಿ ಅಟ್ಟದ ಹಲಗೆಗಳನ್ನು ಎಬ್ಬಿಸಿದಾಗ ಐದು ಶತಮಾನದ ಕಸ ಸಿಕ್ಕಿತು, ಕಸದೊಳಗೆ ನಿಧಿಯೂ. ಇಲಿಗಳು ಗೂಡಿಗೆಂದು ಎಳೆದೊಯ್ದ ಬಟ್ಟೆಯ ಚೂರುಗಳು 200ಕ್ಕೂ ಹೆಚ್ಚು. ಅವುಗಳಲ್ಲಿ ಟ್ಯೂಡರ್ ಕಾಲದ ರೇಷ್ಮೆ, ವೆಲ್ವೆಟ್, ಉಣ್ಣೆಯೂ ಇದ್ದವು. ಕೈಬರಹದ ಸಂಗೀತದ ಹಾಳೆಗಳು, ಬಂಗಾರದ ಬಣ್ಣ ಮಾಸದ 15ನೇ ಶತಮಾನದ ಪ್ರಾರ್ಥನಾ ಗ್ರಂಥದ ಒಂದು ಚರ್ಮದ ಹಾಳೆ, 1568ರಲ್ಲಿ ಅಚ್ಚಾದ ಕೀರ್ತನೆಗಳ ಪುಸ್ತಕ, ಎರಡನೇ ಮಹಾಯುದ್ಧದ ಕಾಲದ ಖಾಲಿ ಚಾಕೊಲೇಟ್ ಡಬ್ಬಿ. ಗಾರೆಯಲ್ಲಿನ ಸುಣ್ಣ ತೇವವನ್ನು ಹೀರಿದ್ದೂ ದಪ್ಪನೆಯ ಧೂಳು ಮುಸುಕಿದ್ದೂ ಈ ಹಾಳೆ, ಬಟ್ಟೆಗಳು ಕೊಳೆಯದಂತೆ ನೋಡಿಕೊಂಡವು. ಸೂರಿನ ಕೆಲಸ 2022ರಲ್ಲಿ ಮುಗಿದು ಅಟ್ಟಣಿಗೆ ಇಳಿಯಿತು. ಸಿಕ್ಕ ವಸ್ತುಗಳಲ್ಲಿ ಕೆಲವನ್ನು ಮನೆಯೊಳಗೇ ಪ್ರದರ್ಶನಕ್ಕಿಟ್ಟಿದ್ದಾರೆ.